ಗೋ (ಇಂಗ್ಲಿಷ್ ಕ್ರಿಯಾಪದ)

'ಗೋ' ಎಂಬುದು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲೊಂದು. ಮೂಲಾರ್ಥ 'ಹೋಗು'. ಹಳೆಯ ಇಂಗ್ಲಿಷಿನ 'ಗಾನ್' ಧಾತುವಿನಿಂದ ಬಂದಿದೆ. ಜರ್ಮನಿನ 'ಗೇಯೆನ್' ಇದರ ಜ್ಞಾತಿಪದ.

ವಿದ್ಯಾರ್ಥಿಗಳನ್ನು ತಬ್ಬಿಬ್ಬುಗೊಳಿಸುವುದು ಇದರ ಭೂತರೂಪವಾದ 'ವೆಂಟ್'. ವಾಸ್ತವವಾಗಿ ಅದು 'ಗೋ' ಧಾತುವಿಗೆ ಸೇರಿದ್ದೇ ಅಲ್ಲ. ತಿರುಗು, ಸಾಗು ಎಂಬ ಅರ್ಥದ 'ವೆಂಡ್' ಧಾತುವಿನ ಭೂತರೂಪವದು. 'ಸೆಂಡ್' ಎಂಬುದು 'ಸೆಂಟ್' ಆಗುವಂತೆ 'ವೆಂಡ್' ಎಂಬುದು 'ವೆಂಟ್' ಆಗುತ್ತಿತ್ತು. ಹಿಂದೆ 'ಗಾನ್' ಧಾತುವಿಗಿದ್ದ ಭೂತರೂಪ 'ಏಓಡೆ'. ಅದೂ ಎರವಲಿನದೇ! 15ನೆಯ ಶತಮಾನದ ಹೊತ್ತಿಗೆ 'ವೆಂಟ್' ಅದರ ಸ್ಥಾನದಲ್ಲಿ ನೆಲೆಗೊಂಡಿತು. ಕನ್ನಡದ 'ಹೋಗು' (ಹಳಗನ್ನಡ 'ಪೋಗು') 'ಹೋದನು' ಎಂದಾಗುವಾಗ ಧಾತು ಬದಲಾಗದು; ಇಲ್ಲಿ ಧಾತುವೇ ಬೇರೆ.

ಕೆಡುವಿಕೆಯನ್ನೂ ಈ ಪದ ಸೂಚಿಸುತ್ತದೆ: 'ದ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್'. ಕನ್ನಡದಲ್ಲಿಯೂ ಹಾಲು 'ಕೆಟ್ಟು ಹೋಗುತ್ತದೆ' ಎಂಬುದು ಗಮನಾರ್ಹ. ಯಂತ್ರ ನಡೆಯುವುದಕ್ಕೂ, 'ಗೋಯಿಂಗ್ ಟು' ರೂಪದಲ್ಲಿ ಭವಿಷ್ಯತ್ಕಾಲಕ್ಕೂ ಬಳಕೆಯುಂಟು.

ಪರೀಕ್ಷೆಗಳಲ್ಲಿ ಹೆಚ್ಚಾಗಿ ತಪ್ಪುವ ಅಂಶವೊಂದಿದೆ. 'ಹಿ ಹ್ಯಾಸ್ ಗಾನ್ ಟು ಮೈಸೂರು' ಎಂದರೆ ಆತ ಹೋಗಿದ್ದಾನೆ, ಇನ್ನೂ ಮರಳಿಲ್ಲ. 'ಹಿ ಹ್ಯಾಸ್ ಬೀನ್ ಟು ಮೈಸೂರು' ಎಂದರೆ ಹೋಗಿ ಬಂದಿದ್ದಾನೆ.