ಹಸಿದ ವಿದ್ಯಾರ್ಥಿಗಳೂ ಕ್ರೈಸ್ತ ವಿದ್ಯಾರ್ಥಿ ಮಹಾಮಂಡಲವೂ

ವಿದ್ಯಾರ್ಥಿಗೆ ಅನ್ನವಿಕ್ಕುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಧರ್ಮವಾಗಿರುವುದು. ವಾರಾನ್ನದಲ್ಲಿ ಬೆಳೆದು, ದಿನಕ್ಕೊಂದು ಮನೆಯಲ್ಲಿ ಉಂಡು, ಶಾಸ್ತ್ರವನ್ನೋ ಇಂಗ್ಲಿಷ್ ವಿದ್ಯೆಯನ್ನೋ ಕಲಿತು ದೊಡ್ಡ ಪದವಿಗೇರಿದವರು ಕನ್ನಡ ನಾಡಿನಲ್ಲಿ ಅನೇಕರುಂಟು. ಆದರೆ ಅನ್ನವಿಕ್ಕಬೇಕಾದ ಮನೆಗಳೇ ಹಸಿದು ಕುಳಿತಿದ್ದರೆ ವಿದ್ಯಾರ್ಥಿಯ ಗತಿಯೇನು? ಒಂದು ರಾಜಧಾನಿಯ ಮಹಾವಿದ್ಯಾಪೀಠದಲ್ಲಿ ಓದುವ ಸಾವಿರಾರು ಮಂದಿಗೆ ಏಕಕಾಲದಲ್ಲಿ ಇಂತಹ ದುರವಸ್ಥೆ ಒದಗಿದರೆ ಅದರ ಹೊಣೆ ಯಾರದು? ೧೯೨೦ರಲ್ಲಿ ಈ ಪ್ರಶ್ನೆಯು ಯೂರೋಪಿನಲ್ಲಿ ಎದ್ದಿತು. ಅದಕ್ಕೆ ಉತ್ತರ ಕೊಡಬೇಕಾಗಿ ಬಂದುದು ಮುಖ್ಯವಾಗಿ ಧರ್ಮೋಪದೇಶಕ್ಕೆಂದು ಸ್ಥಾಪಿತವಾಗಿದ್ದ ಒಂದು ವಿದ್ಯಾರ್ಥಿ ಸಂಸ್ಥೆಗೆ. ಆ ಉತ್ತರದಿಂದ ಆ ಸಂಸ್ಥೆಯ ಉದ್ದೇಶವೇ ಹೇಗೆ ಮಾರ್ಪಟ್ಟಿತೆಂಬುದು ವಿಚಾರಯೋಗ್ಯವಾದ ಚರಿತ್ರಾಂಶವಾಗಿದೆ.

ಈ ಸಂಸ್ಥೆಯ ಮೂಲವನ್ನು ತಿಳಿಯಬೇಕಾದರೆ ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಹೋಗಬೇಕು. ೧೮೮೬ರ ಬೇಸಗೆಯಲ್ಲಿ ಡ್ವೈಟ್ ಮೂಡಿ ಎಂಬ ಪ್ರಸಿದ್ಧ ಧರ್ಮೋಪದೇಶಕನ ನೇತೃತ್ವದಲ್ಲಿ ಮೌಂಟ್ ಹರ್ಮನ್ ಎಂಬ ಸ್ಥಳದಲ್ಲಿ ಕಾಲೇಜು ವಿದ್ಯಾರ್ಥಿಗಳ ಶಿಬಿರವೊಂದು ನೆರೆಯಿತು. ಬಂದಿದ್ದ ಸುಮಾರು ಇನ್ನೂರೈವತ್ತು ಮಂದಿಯಲ್ಲಿ ನೂರು ಮಂದಿ ಪರದೇಶಗಳಲ್ಲಿ ಕ್ರಿಸ್ತಮತವನ್ನು ಬೋಧಿಸಲು ಹೊರಡುವೆವೆಂದು ಸಂಕಲ್ಪ ಮಾಡಿದರು. ಆ ನೂರು ಮಂದಿಯಲ್ಲೊಬ್ಬನು ಕಾರ್ನೆಲ್ ವಿಶ್ವವಿದ್ಯಾನಿಲಯದ ಜಾನ್ ಮಾಟ್. ೧೮೬೫ರಲ್ಲಿ ಜನಿಸಿದ ಈ ತರುಣನು ನ್ಯಾಯಶಾಸ್ತ್ರವನ್ನೋ ತಂದೆಯ ಮರದ ವ್ಯಾಪಾರವನ್ನೋ ಕೈಕೊಳ್ಳುವ ಆಲೋಚನೆಯಲ್ಲಿದ್ದನು. ಕೇಂಬ್ರಿಜ್‌ನಿಂದ ಬಂದ ಸ್ಟಡ್ ಎಂಬ ಕ್ರಿಕೆಟ್ ಆಟಗಾರನ ಉಪನ್ಯಾಸವೊಂದನ್ನು ಕೇಳಿದಂದಿನಿಂದ ಅವನ ಮನಸ್ಸು ಬೇರೆ ದಾರಿ ಹಿಡಿಯಿತು. ೧೮೮೮ರಲ್ಲಿ ‘ವಿದ್ಯಾರ್ಥಿ ಸ್ವಯಂಸೇವಕ ಆಂದೋಲನ’ವು ಕ್ರಮಬದ್ಧವಾಗಿ ಸ್ಥಾಪಿತವಾಯಿತು. ತಮ್ಮ ತಲೆಮಾರಿನಲ್ಲಿಯೇ ಲೋಕಕ್ಕೆಲ್ಲ ಕ್ರಿಸ್ತನ ವಾರ್ತೆಯನ್ನು ಮುಟ್ಟಿಸಬೇಕೆಂಬುದೇ ಅದರ ಗುರಿ.

೧೮೯೫ರ ಆಗಸ್ಟಿನಲ್ಲಿ ಸ್ವೀಡನ್ ದೇಶದ ವಾಡ್‌ಸ್ಟೇನಾ ಎಂಬಲ್ಲಿಯ ಹಳೆಯ ಕೋಟೆಯಲ್ಲಿ ನಾನಾ ದೇಶಗಳ ವಿದ್ಯಾರ್ಥಿ ಮುಖಂಡರು ಸೇರಿ ‘ಜಾಗತಿಕ ಕ್ರೈಸ್ತ ವಿದ್ಯಾರ್ಥಿ ಮಹಾಮಂಡಲ’ವನ್ನು ಕಟ್ಟಿದರು. ಸ್ವೀಡನ್ನಿನ ಕಾರ್ಲ್ ಫ್ರೀಸ್ ಅಧ್ಯಕ್ಷನೂ ಮಾಟ್ ಕಾರ್ಯದರ್ಶಿಯೂ ಆದರು. ಮಾಟ್ ಒಡನೆಯೇ ಭೂಪ್ರದಕ್ಷಿಣೆಗೆ ಹೊರಟು ಭಾರತದ ಕಾಲೇಜುಗಳನ್ನೂ ಸಂದರ್ಶಿಸಿದನು. ೧೯೧೨ರಲ್ಲಿ ಸಿರಾಂಪುರದಲ್ಲಿ ಭಾರತದ ಶಾಖೆಯು ಪ್ರಾರಂಭವಾಯಿತು. ಆ ಕಾಲದ ಉತ್ಸಾಹವು ಅಪಾರವಾದದ್ದು. ಲೋಕದ ಮುಖ್ಯ ದುಃಖವು ಅಜ್ಞಾನವೆಂದೂ, ಅದಕ್ಕೆ ಮದ್ದು ತಮ್ಮ ಕೈಯಲ್ಲಿರುವುದೆಂದೂ ಆ ತರುಣರು ನಿಸ್ಸಂಶಯವಾಗಿ ನಂಬಿದ್ದರು.

೧೯೧೪ರಲ್ಲಿ ಮಹಾಯುದ್ಧವು ಪ್ರಾಪ್ತವಾಯಿತು. ನಿನ್ನೆಯವರೆಗೆ ಒಂದೇ ಸಭೆಯಲ್ಲಿ ಪ್ರಾರ್ಥಿಸಿದ ಜರ್ಮನ್, ಫ್ರೆಂಚ್, ಆಂಗ್ಲೇಯ ವಿದ್ಯಾರ್ಥಿಗಳು ಎದುರುಬದುರಾಗಿ ಕಂದಕಗಳಲ್ಲಿ ನಿಂತರು. ಜಗತ್ತಿಗೆ ಧರ್ಮವನ್ನು ಬೋಧಿಸಲು ಹೊರಟ ಭೂಖಂಡವೇ ಪರಸ್ಪರ ಸಂಹಾರದಲ್ಲಿ ತೊಡಗಿತು. ಆಗಲೂ ಮಹಾಮಂಡಲದ ಸೂತ್ರವು ಪೂರ್ಣವಾಗಿ ಹರಿಯಲಿಲ್ಲ. ಕಾನ್ರಡ್ ಹಾಫ್‌ಮನ್ ಎಂಬ ಅಮೆರಿಕನನು ಜರ್ಮನಿಯ ಸೆರೆಶಿಬಿರಗಳಲ್ಲಿದ್ದ ಬಂದಿಗಳ ಸೇವೆಯಲ್ಲಿ ನಿರತನಾಗಿದ್ದು, ೧೯೧೭ರಲ್ಲಿ ತನ್ನ ದೇಶವೇ ಜರ್ಮನಿಯ ಮೇಲೆ ಯುದ್ಧ ಸಾರಿದ ಮೇಲೂ ಅಲ್ಲಿಯೇ ನಿಂತನು. ಶತ್ರುರಾಜ್ಯದ ಪ್ರಜೆಗೆ ಇಂತಹ ಅನುಮತಿ ದೊರೆತುದು ಆ ಕಾಲದಲ್ಲಿ ಅಪೂರ್ವವಾದ ಸಂಗತಿಯೇ ಸರಿ.

ಯುದ್ಧವು ಮುಗಿದರೂ ಸಂಕಟವು ಮುಗಿಯಲಿಲ್ಲ. ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯವು ಒಡೆದು ಚೂರಾದಾಗ ವಿಯೆನ್ನಾ ನಗರವು ಅಂಗಾಂಗಗಳನ್ನು ಕಳೆದುಕೊಂಡ ಶಿರಸ್ಸಿನಂತಾಯಿತು. ಧಾನ್ಯ ಬರುತ್ತಿದ್ದ ಬಯಲುಗಳೂ ಕಲ್ಲಿದ್ದಲು ಬರುತ್ತಿದ್ದ ಗಣಿಗಳೂ ಬೇರೆ ರಾಜ್ಯಗಳ ಪಾಲಾದವು. ನಾಣ್ಯದ ಬೆಲೆ ಕುಸಿದು ಮಧ್ಯಮವರ್ಗದ ಕುಟುಂಬಗಳ ಕೂಡಿಟ್ಟ ಹಣವೆಲ್ಲ ನಿಷ್ಪ್ರಯೋಜಕವಾಯಿತು. ೧೯೨೦ರ ಫೆಬ್ರವರಿಯಲ್ಲಿ ಮಹಾಮಂಡಲದ ಕಾರ್ಯದರ್ಶಿಗಳಲ್ಲೊಬ್ಬಳಾದ ರೂತ್ ರೌಸ್ ಎಂಬ ಆಂಗ್ಲ ಮಹಿಳೆಯು ಈ ನಗರಕ್ಕೆ ಬಂದಳು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಓದಿದ ಈಕೆಯು ಶತಮಾನದ ಸಂಧಿಕಾಲದಲ್ಲಿ ಭಾರತದಲ್ಲಿಯೂ ವಿದ್ಯಾರ್ಥಿನಿಯರ ನಡುವೆ ಸೇವೆ ಸಲ್ಲಿಸಿದ್ದಳು. ಬೆಂಕಿಯಿಲ್ಲದ ಕೊಠಡಿಗಳಲ್ಲಿ ಚಳಿಗೆ ನಡುಗುತ್ತ, ಹರಿದ ಸೈನಿಕ ಉಡುಪನ್ನೇ ತೊಟ್ಟು, ಅರೆಹೊಟ್ಟೆಯಲ್ಲಿ ಗ್ರಂಥಗಳ ಮುಂದೆ ಕುಳಿತಿದ್ದ ವಿದ್ಯಾರ್ಥಿಗಳನ್ನು ಆಕೆ ಕಂಡಳು. ಕ್ಷಯರೋಗವು ಅವರಲ್ಲಿ ಹರಡುತ್ತಿತ್ತು. ಇವರಿಗೆ ಧರ್ಮೋಪನ್ಯಾಸವನ್ನು ಏರ್ಪಡಿಸುವುದೆಂತು? ಆಕೆ ಎಲ್ಲ ದೇಶಗಳ ವಿದ್ಯಾರ್ಥಿ ಸಂಘಗಳಿಗೂ ಸಹಾಯವನ್ನು ಬೇಡಿ ಪತ್ರ ಬರೆದಳು.

ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೇಟನ್‌ಬರ್ಗ್‌ನಲ್ಲಿ ಯುದ್ಧಾನಂತರದ ಪ್ರಥಮ ಮಹಾಸಭೆಯು ಸೇರಿತು. ಶತ್ರುಗಳಾಗಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗಿದ್ದ ಆ ಸಭೆಯಲ್ಲಿ ‘ಯೂರೋಪಿಯ ವಿದ್ಯಾರ್ಥಿ ಪರಿಹಾರ’ವೆಂಬ ಕಾರ್ಯವು ಮಹಾಮಂಡಲದ ಕೆಲಸವಾಗಿ ಅಂಗೀಕೃತವಾಯಿತು. ಇಲ್ಲಿಯೇ ಮುಖ್ಯವಾದ ಧರ್ಮಸೂಕ್ಷ್ಮವೊಂದು ಅಡಗಿದೆ. ಹಸಿದವನ ಕೈಯಲ್ಲಿ ರೊಟ್ಟಿಯ ಜೊತೆಗೆ ಮತಗ್ರಂಥವನ್ನೂ ಇಡಬೇಕೆ? ಇಟ್ಟರೆ ಆ ಶ್ರದ್ಧೆಯು ಹಸಿವಿನದೋ ಆತ್ಮದ್ದೋ ಎಂಬುದನ್ನು ಯಾರು ಬಲ್ಲರು? ಇಡದಿದ್ದರೆ ಧರ್ಮಸಂಸ್ಥೆಗೂ ಛತ್ರಕ್ಕೂ ಭೇದವೇನು? ಮಹಾಮಂಡಲವು ಸ್ಪಷ್ಟವಾಗಿ ಒಂದು ಪಕ್ಷವನ್ನು ಹಿಡಿಯಿತು: ಕುಲ, ದೇಶ, ಮತಗಳ ಭೇದವಿಲ್ಲದೆ, ಅವಶ್ಯಕತೆಯೊಂದನ್ನೇ ನೋಡಿ ಸಹಾಯ ಮಾಡತಕ್ಕದ್ದು.

ಈ ನಿಯಮವನ್ನು ಬರೆಯುವುದು ಸುಲಭ, ನಡೆಸುವುದು ಕಷ್ಟ. ಮಧ್ಯ ಯೂರೋಪಿನ ವಿದ್ಯಾಪೀಠಗಳಲ್ಲಿ ಆಗ ಯೆಹೂದ್ಯ ದ್ವೇಷವು ಉಲ್ಬಣಿಸಿತ್ತು. ವಿಶ್ವವಿದ್ಯಾನಿಲಯಗಳಲ್ಲಿ ಯೆಹೂದ್ಯರ ಸಂಖ್ಯೆಗೆ ಮಿತಿ ಹಾಕುವ ಶಾಸನವನ್ನು ಹಂಗೆರಿಯು ೧೯೨೦ರಲ್ಲಿಯೇ ಮಾಡಿತು. ಒಂದೇ ಭೋಜನಶಾಲೆಯಲ್ಲಿ ಯೆಹೂದ್ಯನೂ ಅವನನ್ನು ಹೊರಗಟ್ಟಬೇಕೆನ್ನುವವನೂ ಉಣ್ಣಬೇಕೆಂಬುದು ಅಂದಿನ ವಿಯೆನ್ನಾದಲ್ಲಿ ಸಾಮಾನ್ಯವಾದ ಮಾತಲ್ಲ. ನಮ್ಮ ಊರುಗಳಲ್ಲಿ ಸಹಪಂಕ್ತಿ ಭೋಜನಕ್ಕಾಗಿ ನಡೆದ ವಾದಗಳನ್ನು ಬಲ್ಲ ವಾಚಕರಿಗೆ ಇದರ ತೊಡಕನ್ನು ವಿವರಿಸಬೇಕಾಗಿಲ್ಲ.

ಎರಡನೆಯ ನಿಯಮವು ಸ್ವಾವಲಂಬನವಾಗಿತ್ತು. ದಾನವನ್ನು ಪಡೆಯುವವನ ಮಾನವು ಕುಂದಬಾರದೆಂದು ಭೋಜನಶಾಲೆಗಳನ್ನೂ ಪಾದರಕ್ಷೆ ದುರಸ್ತಿಯ ಅಂಗಡಿಗಳನ್ನೂ ಸ್ಥಾಪಿಸಿ ವಿದ್ಯಾರ್ಥಿಗಳೇ ನಡೆಸುವಂತೆ ಏರ್ಪಡಿಸಿದರು. ಜರ್ಮನಿಯಲ್ಲಿ ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕೂಲಿಮಾಡಿ ಓದುವ ವಿದ್ಯಾರ್ಥಿಗಳ ವರ್ಗವೇ ಹುಟ್ಟಿತು. ೧೯೨೩ರ ನವೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಮಿಕ್ಕ ಮಾರ್ಕುಗಳನ್ನು ಎಣಿಸಬೇಕಾಗಿತ್ತು ಎಂದ ಮೇಲೆ ಪುಸ್ತಕ ಕೊಳ್ಳುವವನ ಪಾಡನ್ನು ಊಹಿಸಿಕೊಳ್ಳಬಹುದು. ರಷ್ಯಾದಲ್ಲಿ ೧೯೨೧-೨೨ರ ಘೋರಕ್ಷಾಮವು ತಲೆದೋರಿದಾಗ, ದೇವರನ್ನೇ ಒಪ್ಪದ ಸರ್ಕಾರದ ಆಳ್ವಿಕೆಯಲ್ಲಿದ್ದ ವಿದ್ಯಾರ್ಥಿಗಳಿಗೂ ಈ ಕ್ರೈಸ್ತ ಸಂಸ್ಥೆಯು ಅನ್ನವನ್ನು ಮುಟ್ಟಿಸಿತು. ಸೆರೆಶಿಬಿರಗಳಲ್ಲಿ ಪಳಗಿದ ಹಾಫ್‌ಮನ್‌ನೇ ಈ ಪರಿಹಾರಕಾರ್ಯದ ಮುಖ್ಯ ನಿರ್ವಾಹಕನಾಗಿದ್ದನು.

ಅನ್ನದಾನದಿಂದ ಎಲ್ಲ ಪ್ರಶ್ನೆಗಳೂ ತೀರಲಿಲ್ಲ. ದುಃಖಿತರನ್ನು ಸಂತೈಸುವುದು ಸರಿಯೇ. ದುಃಖಕ್ಕೆ ಕಾರಣವಾದ ವ್ಯವಸ್ಥೆಯಲ್ಲಿ ತಮ್ಮ ಪಾಲೆಷ್ಟು ಎಂದು ವಿದ್ಯಾರ್ಥಿಗಳೇ ಕೇಳತೊಡಗಿದರು. ೧೯೧೯ರ ಕೊನೆಯಲ್ಲಿ ಅಮೆರಿಕಾದ ಡೆಮಾಯ್ನ್ ನಗರದಲ್ಲಿ ನೆರೆದ ಸ್ವಯಂಸೇವಕರ ಮಹಾಸಮ್ಮೇಳನದಲ್ಲಿ, ಹಿರಿಯರ ಹಳೆಯ ಉಪದೇಶವು ಸಾಲದೆಂದೂ, ಯುದ್ಧ, ವರ್ಣಭೇದ, ಕಾರ್ಮಿಕರ ಕಷ್ಟ ಇವುಗಳ ವಿಚಾರವನ್ನು ಮಾತಾಡಬೇಕೆಂದೂ ತರುಣರು ಹಠಹಿಡಿದರು. ೧೯೨೨ರ ಏಪ್ರಿಲಿನಲ್ಲಿ ಪೀಕಿಂಗ್ ನಗರದ ಚಿಂಗ್‌ಹ್ವಾ ಕಾಲೇಜಿನಲ್ಲಿ ಮಹಾಮಂಡಲದ ಅಧಿವೇಶನವು ನಡೆಯುವುದೆಂದು ಗೊತ್ತಾದೊಡನೆ ಚೀನೀ ವಿದ್ಯಾರ್ಥಿಗಳು ಶಾಂಘೈಯಲ್ಲಿ ವಿರೋಧಸಂಘವನ್ನು ಕಟ್ಟಿ, ಕ್ರಿಸ್ತಮತವು ಬಂಡವಾಳಗಾರರ ಹಾಗೂ ಸಾಮ್ರಾಜ್ಯಗಳ ಬೆನ್ನುಹತ್ತಿ ಬಂದುದೆಂದು ಆಕ್ಷೇಪಿಸಿದರು. ಆ ಮಾತಿನಲ್ಲಿ ಕೋಪವಿದ್ದಷ್ಟೇ ಸತ್ಯಾಂಶವೂ ಇದ್ದಿತು. ಯುದ್ಧಕ್ಕೆ ಕಾರಣವಾಗುವ ಸಂಗತಿಗಳೊಡನೆ ಹೋರಾಡುವುದು ತಮ್ಮ ಕರ್ತವ್ಯವೆಂದು ಪೀಕಿಂಗ್ ಅಧಿವೇಶನವು ನಿರ್ಣಯಿಸಿತು.

ಇದರ ಫಲವು ಎಲ್ಲರಿಗೂ ರುಚಿಸುವಂತಹದಾಗಿರಲಿಲ್ಲ. ೧೯೨೦ರಲ್ಲಿ ಪರದೇಶ ಸೇವೆಗೆ ಹೊಸದಾಗಿ ಹೆಸರು ಕೊಟ್ಟ ಅಮೆರಿಕನ್ ವಿದ್ಯಾರ್ಥಿಗಳು ೨೭೦೦ಕ್ಕೂ ಮಿಕ್ಕಿದ್ದರೆ, ೧೯೨೮ರ ಹೊತ್ತಿಗೆ ಆ ಸಂಖ್ಯೆ ೨೫೦ರ ಸುಮಾರಿಗೆ ಇಳಿಯಿತು. ಹಿಂದಿನ ನಿಸ್ಸಂಶಯವು ಹೋದಂತೆ ಹಿಂದಿನ ವೇಗವೂ ಹೋಯಿತು. ಅತ್ತ ಪರಿಹಾರಕಾರ್ಯವು ಬೆಳೆದು, ೧೯೨೫ರ ತರುವಾಯ ‘ಅಂತರರಾಷ್ಟ್ರೀಯ ವಿದ್ಯಾರ್ಥಿ ಸೇವಾಸಂಸ್ಥೆ’ಯೆಂಬ ಹೆಸರಿನಿಂದ ಸ್ವತಂತ್ರವಾಗಿ, ಯಾವ ಮತಕ್ಕೂ ಸೇರದ ಸಂಸ್ಥೆಯಾಯಿತು. ತಾಯಿಯು ಸಾಕಿದ ಮಗುವು ಬೇರೆ ಮನೆಗೆ ಹೋದಂತೆ ಇದು ನಡೆಯಿತು. ಹೆಸರು ತಮ್ಮದಾಗಿ ಉಳಿಯಲೆಂದು ಹಠಮಾಡದೆ ಮಹಾಮಂಡಲವು ಅದನ್ನು ಬಿಟ್ಟುಕೊಟ್ಟಿತು. ಫಲವನ್ನು ಪರರಿಗೆ ಒಪ್ಪಿಸುವ ಇಂತಹ ಕರ್ಮವನ್ನು ನಮ್ಮ ಹಿರಿಯರು ಯಾವ ಹೆಸರಿನಿಂದ ಕರೆದಿರುವರೆಂಬುದು ವಾಚಕರಿಗೆ ತಿಳಿದೇ ಇದೆ.

೧೯೨೮ರ ಡಿಸೆಂಬರಿನಲ್ಲಿ ಈ ಮಹಾಮಂಡಲದ ಸಭೆಯು ನಮ್ಮ ಮೈಸೂರಿನಲ್ಲಿಯೇ ಸೇರಿತೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಮೂವತ್ತಮೂರು ವರ್ಷಗಳ ಕಾಲ ಅದನ್ನು ಪೋಷಿಸಿದ ಮಾಟ್ ಅಧ್ಯಕ್ಷಪದವಿಯನ್ನು ಇಲ್ಲಿಯೇ ಬಿಟ್ಟು, ಫ್ರಾನ್ಸಿಸ್ ಮಿಲ್ಲರ್ ಎಂಬ ಕಿರಿಯನಿಗೆ ಸ್ಥಾನವನ್ನು ತೆರವು ಮಾಡಿದನು. ಇದಾದ ಕೆಲವು ವಾರಗಳಲ್ಲಿ, ೧೯೨೯ರಲ್ಲಿ, ಅವನು ಮಹಾತ್ಮಾ ಗಾಂಧಿಯವರನ್ನು ಕಂಡು ಸಂಭಾಷಿಸಿದನು. ಮತಾಂತರದ ಉದ್ದೇಶವಿಲ್ಲದ ಸೇವೆಯೇ ಶುದ್ಧಸೇವೆಯೆಂಬುದು ಗಾಂಧಿಯವರ ದೃಢಮತ. ಮಾಟ್ ಅದನ್ನು ಪೂರ್ಣವಾಗಿ ಒಪ್ಪಿದವನಲ್ಲ. ಆದರೂ ಮುಂದೆ ೧೯೩೬ರಲ್ಲಿಯೂ ಅವರನ್ನು ಹುಡುಕಿಕೊಂಡು ಬಂದನು. ೧೯೪೬ರಲ್ಲಿ ಶಾಂತಿಗಾಗಿ ನೊಬೆಲ್ ಪಾರಿತೋಷಕವನ್ನು ಎಮಿಲಿ ಬಾಲ್ಚ್ ಎಂಬಾಕೆಯೊಡನೆ ಹಂಚಿಕೊಂಡು, ೧೯೫೫ರಲ್ಲಿ ಮೃತನಾದನು.

ಬೇರೆಯಾಗಿ ಹೋದ ಸೇವಾಸಂಸ್ಥೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆರೆಯಲ್ಲಿದ್ದ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಕಳುಹಿಸುವ ಕಾರ್ಯದಲ್ಲಿ ಪಾಲುಗೊಂಡಿತು. ಅದರ ಪರಂಪರೆಯಿಂದ ೧೯೫೦ರಲ್ಲಿ ಹುಟ್ಟಿದ ‘ಜಾಗತಿಕ ವಿಶ್ವವಿದ್ಯಾನಿಲಯ ಸೇವಾಸಂಸ್ಥೆ’ಯ ಆಂಗ್ಲ ಶಾಖೆಯು, ೧೯೭೩ರ ಸೈನಿಕ ವಿಪ್ಲವದಿಂದ ಓಡಿಬಂದ ಚಿಲಿ ದೇಶದ ವಿದ್ಯಾವಂತರಿಗೆ ವಿದ್ಯಾರ್ಥಿವೇತನಗಳನ್ನು ಒದಗಿಸಿತು. ಭಾರತ ಕ್ರೈಸ್ತ ವಿದ್ಯಾರ್ಥಿ ಆಂದೋಲನದ ಕೇಂದ್ರವು ಈಗ ಬೆಂಗಳೂರಿನಲ್ಲಿರುವುದು.

ಲೋಕದ ದುಃಖವು ಸಮುದ್ರದಂತಹದು. ಒಬ್ಬ ವಿದ್ಯಾರ್ಥಿಯ ಶಕ್ತಿ ಬೊಗಸೆಯಷ್ಟು. ಈ ಅಂತರವನ್ನು ಕಂಡು ಎದೆಗುಂದುವ ತರುಣರು ಇಂದಿಗೂ ಪ್ರತಿ ಮನೆಯಲ್ಲಿಯೂ ಇರುವರು. ವಿಯೆನ್ನಾದ ಭೋಜನಶಾಲೆಗಳಲ್ಲಿ ಸಾರು ಬಡಿಸಿದವರು ಯೂರೋಪಿನ ದ್ವೇಷವನ್ನು ತಡೆಯಲಿಲ್ಲ. ೧೯೩೮ರಲ್ಲಿ ಅದೇ ನಗರವು ಹಿಟ್ಲರನ ವಶವಾಯಿತು, ಯೆಹೂದ್ಯ ವಿದ್ಯಾರ್ಥಿಗಳು ವಿದ್ಯಾಪೀಠದಿಂದ ಹೊರಗಟ್ಟಲ್ಪಟ್ಟರು. ಅದುಕಾರಣ ಅವರ ಶ್ರಮವು ವ್ಯರ್ಥವೆನ್ನುವುದು ನ್ಯಾಯವಲ್ಲ. ಆ ಚಳಿಗಾಲಗಳನ್ನು ದಾಟಿಸಲ್ಪಟ್ಟವರಲ್ಲಿ ಎಷ್ಟೋ ಮಂದಿ ವೈದ್ಯರೂ ಉಪಾಧ್ಯಾಯರೂ ಆಗಿ ಬಾಳಿದರು. ಮನೆಯ ಮಕ್ಕಳು ಕಾಲೇಜಿಗೆ ಹೋಗುವಾಗ ಅವರು ಯಾವ ಪದವಿಯನ್ನು ಪಡೆಯುವರೆಂದು ವಿಚಾರಿಸುವ ಹಿರಿಯರು, ಪಕ್ಕದ ಕೊಠಡಿಯ ಹುಡುಗನು ಉಂಡನೋ ಇಲ್ಲವೋ ಎಂಬುದನ್ನೂ ಅವರಿಂದ ವಿಚಾರಿಸಿಕೊಂಡರೆ ಈ ಚರಿತ್ರೆಯನ್ನು ಓದಿದುದು ಸಾರ್ಥಕವಾಗುವುದು.