ಕೋಲಾರ ಚಿನ್ನದ ಗಣಿ ಕುಟುಂಬಗಳ ಹಿರಿಯ ಮಹಿಳೆಯರು

ಕೋಲಾರ ಜಿಲ್ಲೆಯ ಕೋಲಾರ ಗೋಲ್ಡ್ ಫೀಲ್ಡ್ಸ್ ಅಂದರೆ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರ ಮನೆತನಗಳನ್ನು ತಲೆಮಾರುಗಳ ಕಾಲ ಕಟ್ಟಿ ನಿಲ್ಲಿಸಿದವರು ಆ ಮನೆಗಳ ಹಿರಿಯ ಹೆಂಗಸರು. ತಮಿಳು ಮನೆಗಳಲ್ಲಿ ಪಾಟಿ, ತೆಲುಗು ಮನೆಗಳಲ್ಲಿ ಅವ್ವ, ಕನ್ನಡದವರಲ್ಲಿ ಅಜ್ಜಿ ಎನಿಸಿಕೊಂಡ ಇವರಲ್ಲಿ ಅನೇಕರು ಗಣಿಗಿಳಿದ ಗಂಡಂದಿರು ತೀರಿಕೊಂಡ ಮೇಲೂ ದಶಕಗಟ್ಟಲೆ ಬಾಳಿದರು. ಕೆಲವರು ಗಣಿಯೇ ಮುಚ್ಚಿದ ಮೇಲೂ ಬಾಳಿದರು. ಸಂಬಳದ ಮನೆಯನ್ನು ಸಾಲದಿಂದ ಉಳಿಸುವುದು, ಹೆರಿಗೆ ಮತ್ತು ಸಾವಿನ ಹೊತ್ತಿನಲ್ಲಿ ಅಕ್ಕಪಕ್ಕದ ಮನೆಗಳಿಗೆಲ್ಲ ನೆರವಾಗುವುದು, ತಂದೆ ಇಲ್ಲದ ಮಕ್ಕಳನ್ನು ಓದಿಸುವುದು ಇವರ ಪಾಲಿಗೆ ಬಂದ ಕೆಲಸಗಳು. ಗಣಿಯ ಚರಿತ್ರೆಯನ್ನು ಆಳ ಮತ್ತು ಉತ್ಪಾದನೆಯ ಅಂಕಿಗಳಲ್ಲಿ ಬರೆಯುವುದು ರೂಢಿಯಾದ್ದರಿಂದ ಈ ದುಡಿಮೆಗೆ ಅದರಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ.

ಕೋಲಾರದ ಸುತ್ತಮುತ್ತ ಚಿನ್ನ ಸಿಗುವ ಸಂಗತಿಯನ್ನು 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪರಿಶೀಲಿಸಿದ್ದ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಈತನ ಹೆಸರಿನದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರ ಹರಿದು ಇಲ್ಲಿಗೆ ಬಂತು. ಬೆಂಗಳೂರು ನಗರಕ್ಕೆ ಅದು ತಲುಪಿದ್ದು 1905ರಲ್ಲಿ. ಕಂಪನಿಯ ಯಂತ್ರಗಳಿಗೂ ಅಧಿಕಾರಿಗಳ ಬಂಗಲೆಗಳಿಗೂ ಮೊದಲು ದೊರೆತ ಈ ಬೆಳಕು ಕಾರ್ಮಿಕರ ಗುಡಿಸಲುಗಳಿಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ಕಾರ್ಮಿಕರು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ. ಅವರಲ್ಲಿ ಬಹುಪಾಲು ಜನ ದಲಿತರು, ಊರಿನಲ್ಲಿ ತುಂಡು ಭೂಮಿಯೂ ಇಲ್ಲದವರು. ಮೊದಮೊದಲು ಗಂಡಸರು ಮೇಸ್ತ್ರಿಗಳ ಮೂಲಕ ಬಂದು ಸುಗ್ಗಿಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಹೆಂಡತಿ ಮಕ್ಕಳು ಬಂದು ನೆಲೆಸತೊಡಗಿದ ಮೇಲೆ ಈ ಓಡಾಟ ಕಡಿಮೆಯಾಗಿ ಗಣಿಯ ಸುತ್ತ ಊರು ಹುಟ್ಟಿಕೊಂಡಿತು. ಕಂಪನಿಗಳು ಹಾಕಿಕೊಟ್ಟ ವಸತಿ ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲು. ಅದಕ್ಕೆ ಲೈನ್ ಎಂಬ ಹೆಸರು ಬಂದು ಇಂದಿಗೂ ಉಳಿದಿದೆ. ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಹೆರಿಗೆ ಎಲ್ಲವೂ ನಡೆಯಬೇಕಿತ್ತು. ಗೋಡೆ ತೆಳುವಾಗಿದ್ದ ಕಾರಣ ಒಂದು ಮನೆಯ ಕಷ್ಟ ಮುಂದಿನ ಮನೆಗೆ ತಿಳಿಯದೆ ಇರುತ್ತಿರಲಿಲ್ಲ. ಲೈನಿನ ಹಿರಿಯಾಕೆಯ ಮಾತಿಗೆ ಬೆಲೆ ಬರಲು ಈ ಇಕ್ಕಟ್ಟಿನ ವಸತಿಯೂ ಒಂದು ಕಾರಣ.

ಹೆಂಗಸರು ಕಂಪನಿಗೂ ದುಡಿದರು. ಅವರ ಕೆಲಸ ಬಹುಪಾಲು ನೆಲದ ಮೇಲಿನದು: ಕಲ್ಲು ಒಡೆಯುವುದು, ಅದಿರು ಆರಿಸುವುದು, ಮಣ್ಣು ಹೊರುವುದು. ಕೂಲಿ ಗಂಡಸರದಕ್ಕಿಂತ ಕಡಿಮೆ. ಹೆಂಗಸರನ್ನು ಭೂಗರ್ಭದ ಕೆಲಸಕ್ಕೆ ಇಳಿಸಬಾರದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1935ರ ಒಪ್ಪಂದವನ್ನು ಭಾರತ 1938ರಲ್ಲಿ ಅಂಗೀಕರಿಸಿತು. 1952ರ ಗಣಿ ಕಾಯ್ದೆ ಅದನ್ನೇ ಮುಂದುವರಿಸಿತು. ಈ ನಿಷೇಧ ಹೆಂಗಸರ ಜೀವ ಕಾಪಾಡಿತು, ನಿಜ. ಆದರೆ ಗಣಿಯ ಹೆಚ್ಚಿನ ಸಂಬಳವೆಲ್ಲ ಕೆಳಗಿಳಿಯುವವರಿಗೇ ಇದ್ದುದರಿಂದ ಅದು ಅವರ ಕೈಗೆ ಎಂದೂ ನೇರವಾಗಿ ಸಿಗಲಿಲ್ಲ. ಗಂಡ ತೀರಿಕೊಂಡಾಗ ವಿಧವೆಗೆ ಉಳಿದ ದಾರಿ ಮಗ ದೊಡ್ಡವನಾಗಿ ಕೆಲಸಕ್ಕೆ ಸೇರುವ ತನಕ ಇಡ್ಲಿ, ಆಪ್ಪಂ ಮಾರಿಯೋ ಬಂಗಲೆಗಳಲ್ಲಿ ಮನೆಗೆಲಸ ಮಾಡಿಯೋ ಸಂಸಾರ ಸಾಗಿಸುವುದಾಗಿತ್ತು.

ಸಾಲ ಈ ಮನೆಗಳ ನಿತ್ಯದ ಶತ್ರು. ಸಂಬಳದ ದಿನ ಬಡ್ಡಿಯವರೂ ಸಾರಾಯಿ ಅಂಗಡಿಯೂ ದಾರಿಯಲ್ಲೇ ಕಾಯುತ್ತಿದ್ದವು. ಹಣ ಮನೆ ತಲುಪುವುದಕ್ಕೆ ಮೊದಲೇ ಕರಗದಂತೆ ನೋಡಿಕೊಳ್ಳುವುದು ಹಿರಿಯ ಹೆಂಗಸಿನ ಜವಾಬ್ದಾರಿ. ಚೀಟಿ ಕಟ್ಟುವುದು, ಅಕ್ಕಿಯನ್ನು ತಿಂಗಳ ಕೊನೆಯವರೆಗೆ ಅಳೆದು ಹಾಕುವುದು, ಮದುವೆಗೆ ನೆರೆಯವರಿಂದ ಮುಯ್ಯಿ ಪಡೆದು ಅವರ ಮನೆಯ ಮದುವೆಗೆ ತಪ್ಪದೆ ಹಿಂದಿರುಗಿಸುವುದು, ಇವೆಲ್ಲ ಕಾಗದದ ಮೇಲೆ ಇಲ್ಲದ ಲೆಕ್ಕಗಳು. ಬ್ಯಾಂಕು ಮೆಟ್ಟಿಲು ಹತ್ತಿಸದ ಕಾಲದಲ್ಲಿ ಕಾರ್ಮಿಕನ ಮನೆಗೆ ಆಧಾರವಾಗಿದ್ದುದು ಈ ಲೆಕ್ಕವೇ.

ಗಣಿ ಕುಟುಂಬದ ಹೆಂಗಸಿನ ಬದುಕನ್ನು ಅರ್ಥ ಮಾಡಿಕೊಳ್ಳಲು ಎರಡು ಅಪಾಯಗಳನ್ನು ತಿಳಿದಿರಬೇಕು. ಒಂದು ಬಂಡೆಸ್ಫೋಟ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ಮೀರಿ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನ ಶಿಲಾಭಾರದ ಒತ್ತಡಕ್ಕೆ ಸಿಕ್ಕ ಬಂಡೆ, ಅಗೆದ ಜಾಗದಲ್ಲಿ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಹಳೆಯ ಗಣಿಗಾರರು ಇದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ದೊಡ್ಡ ಸ್ಫೋಟಗಳ ಅದುರು ನೆಲದ ಮೇಲಿನ ಮನೆಗಳಿಗೂ ತಿಳಿಯುತ್ತಿತ್ತು. 1962ರ ನವೆಂಬರಿನಲ್ಲಿ ಚಾಂಪಿಯನ್ ರೀಫ್‌ನಲ್ಲಿ ಆದದ್ದು ಇಂಥ ಭಾರಿ ಸ್ಫೋಟಗಳಲ್ಲಿ ಒಂದು. ಮನೆಯ ನೆಲ ಅದುರಿದ ಕ್ಷಣದಿಂದ ಪಾಳಿ ಮುಗಿಸಿದವರು ಶಾಫ್ಟಿನಿಂದ ಮೇಲೆ ಬರುವ ತನಕ ಲೈನಿನ ಹೆಂಗಸರಿಗೆ ಕಾಯುವುದೇ ಕೆಲಸ. ಸುದ್ದಿ ಕೆಟ್ಟದ್ದಾಗಿದ್ದರೆ ಅದನ್ನು ಕಿರಿಯ ಸೊಸೆಗೆ ತಿಳಿಸುವ ಭಾರ ಹಿರಿಯಾಕೆಯ ಮೇಲೆ ಬೀಳುತ್ತಿತ್ತು.

ಎರಡನೆಯದು ಸಿಲಿಕೋಸಿಸ್. ಸ್ಫಟಿಕ ಶಿಲೆಯನ್ನು ಕೊರೆಯುವಾಗ ಏಳುವ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ನಿಂತು ಅದನ್ನು ಕ್ರಮೇಣ ಗಟ್ಟಿಗೊಳಿಸುತ್ತದೆ. ಸ್ಫೋಟ ಒಂದು ಕ್ಷಣದ್ದು, ಈ ರೋಗ ವರ್ಷಗಟ್ಟಲೆಯದು. ರೋಗಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಹತ್ತುತ್ತದೆ, ಅವನನ್ನು ಕ್ಷಯವೂ ಸುಲಭವಾಗಿ ಹಿಡಿಯುತ್ತದೆ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದು ಇದನ್ನು ಪರಿಹಾರಕ್ಕೆ ಅರ್ಹವಾದ ರೋಗವೆಂದು ಒಪ್ಪಿಕೊಂಡಿತು. ಆ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಜನರಲ್ಲಿ ರೋಗ ಕಂಡುಬಂತು. ಭಾರತದ ವೃತ್ತಿರೋಗಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಸಮೀಕ್ಷೆ ಇದು. ಅಂದರೆ ಅನೇಕ ಮನೆಗಳಲ್ಲಿ ಒಬ್ಬ ಹೆಂಗಸು ಉಸಿರಾಡಲು ಒದ್ದಾಡುವ ಗಂಡನನ್ನೋ ಮಗನನ್ನೋ ನೋಡಿಕೊಳ್ಳಬೇಕಾಗಿತ್ತು ಎಂದು ಊಹಿಸಬಹುದು. ಪರಿಹಾರದ ಅರ್ಜಿಯಲ್ಲಿ ಆಕೆಯ ಶುಶ್ರೂಷೆಗೆ ಯಾವ ಅಂಕಣವೂ ಇರಲಿಲ್ಲ. ಈ ಮನೆಗಳಲ್ಲಿ ವಿಧವೆಯರ ಸಂಖ್ಯೆ ಹೆಚ್ಚಿದ್ದುದಕ್ಕೂ ಅಜ್ಜಿಯೇ ಯಜಮಾನಿಯಾದುದಕ್ಕೂ ಒಂದು ಕಾರಣ ಈ ದೂಳು.

1930ರ ಏಪ್ರಿಲ್‌ನಲ್ಲಿ ಹೆಬ್ಬೆರಳಿನ ಗುರುತು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಹೊಸ ಕ್ರಮವನ್ನು ವಿರೋಧಿಸಿ ಗಣಿಗಳಲ್ಲಿ ಭಾರಿ ಮುಷ್ಕರ ನಡೆಯಿತು. ಆಗ ಅಲ್ಲಿ ಬಲವಾದ ಕಾರ್ಮಿಕ ಸಂಘವೇ ಇರಲಿಲ್ಲ. 1940ರ ದಶಕದಲ್ಲಿ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಕಮ್ಯುನಿಸ್ಟ್ ಮುಖಂಡರ ನೇತೃತ್ವದಲ್ಲಿ ಸಂಘಟನೆ ಬೆಳೆಯಿತು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಮುಷ್ಕರದ ಯಶಸ್ಸು ಒಲೆ ಎಷ್ಟು ದಿನ ಉರಿದೀತು ಎಂಬುದನ್ನು ಅವಲಂಬಿಸಿರುತ್ತದೆ. ಕೂಲಿ ನಿಂತ ವಾರಗಳಲ್ಲಿ ಲೈನಿನ ಮನೆಗಳು ಒಂದಕ್ಕೊಂದು ಗಂಜಿ ಹಂಚಿಕೊಳ್ಳದಿದ್ದರೆ ಯಾವ ಮುಖಂಡನ ಭಾಷಣಕ್ಕೂ ಬಲ ಬರುತ್ತಿರಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಕೆಜಿಎಫ್ ಗಣಿಗಾರರನ್ನೂ ಬೆಂಗಳೂರಿನ ಗಿರಣಿ ಕಾರ್ಮಿಕರನ್ನೂ ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರ್ಮಿಕ ಸಮಾಜದ ಬಗ್ಗೆ ಇರುವ ಮುಖ್ಯ ಗ್ರಂಥ.

ಗಣಿಯ ಊರಿನಲ್ಲಿ ಗಣಿಗಿಂತ ಕಠೋರವಾದ ಇನ್ನೊಂದು ದುಡಿಮೆಯೂ ಇತ್ತು. ಸಾವಿರಾರು ಕಾರ್ಮಿಕರು ಬಳಸುತ್ತಿದ್ದ ಒಣ ಶೌಚಾಲಯಗಳನ್ನು ಕೈಯಿಂದ ಬಳಿದು ಮಲ ಹೊರುವ ಕೆಲಸ ದಲಿತ ಕುಟುಂಬಗಳ ಮೇಲೆ ಬಿದ್ದಿತ್ತು. ಅಂಥ ಒಂದು ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ತಮ್ಮ ಮನೆಯವರೇ ಮಾಡುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡ ನೋವು ಅವರನ್ನು ಹೋರಾಟಕ್ಕೆ ತಂದಿತು. ಕೆಜಿಎಫ್‌ನ ಒಣ ಶೌಚಾಲಯಗಳನ್ನು ತೆಗೆಸುವುದರಿಂದ ಶುರುವಾದ ಆ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆಲ್ಲ ಹರಡಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ, ಆಳದ ಖರ್ಚು ಏರುತ್ತಾ ಹೋಗಿ 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. 1930ರ ಆಸುಪಾಸಿನಲ್ಲಿ ಹುಟ್ಟಿದ ಒಬ್ಬ ಹೆಂಗಸು ಬ್ರಿಟಿಷ್ ಕಂಪನಿಯನ್ನೂ ರಾಷ್ಟ್ರೀಕರಣವನ್ನೂ ಬೀಗಮುದ್ರೆಯನ್ನೂ ಒಂದೇ ಜೀವಮಾನದಲ್ಲಿ ಕಂಡಳು. ಮುಚ್ಚಿದಾಗ ಸಿಕ್ಕ ಇಡುಗಂಟು ಮಗಳ ಮದುವೆ, ಹಳೆಯ ಸಾಲ, ಆಸ್ಪತ್ರೆಗಳಲ್ಲಿ ಬೇಗ ಕರಗುವಂಥದು. ಗಣಿಯ ಆಸ್ಪತ್ರೆಯೂ ನಿಂತಿತು. ಕಂಪನಿಯ ವಸತಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಮನೆಯ ಹಕ್ಕುಪತ್ರಕ್ಕಾಗಿ ಹೋರಾಡುವುದು ಹೊಸ ಕೆಲಸವಾಯಿತು.

ಅಂದಿನಿಂದ ಕೆಜಿಎಫ್ ಬೆಂಗಳೂರಿಗೆ ದುಡಿಯುವ ಕೈಗಳನ್ನು ಕಳಿಸುವ ಊರು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಗಣಿಗಾಗಿ ಹಾಕಿದ ರೈಲುಹಾದಿಯಲ್ಲಿ ಈಗ ಪ್ರತಿದಿನ ಸಾವಿರಾರು ಜನ ರಾಜಧಾನಿಗೆ ಹೋಗಿ ರಾತ್ರಿ ಮರಳುತ್ತಾರೆ. ಅವರಲ್ಲಿ ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಕಚೇರಿಗಳಲ್ಲಿ ದುಡಿಯುವ ಹೆಂಗಸರು ಬಹಳ. ಪ್ರಯಾಣಕ್ಕೇ ದಿನಕ್ಕೆ ನಾಲ್ಕು ಗಂಟೆಗೂ ಮೇಲೆ ಹೋಗುತ್ತದೆ. ನಸುಕಿನಲ್ಲಿ ಹೊರಟ ತಾಯಿ ಕತ್ತಲಾದ ಮೇಲೆ ಬರುವ ಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ಶಾಲೆಗೆ ಕಳಿಸುವವಳು ಅಜ್ಜಿಯೇ. ಸೈನೈಡ್ ದಿಬ್ಬಗಳೆಂದು ಕರೆಯುವ ತ್ಯಾಜ್ಯದ ಗುಡ್ಡಗಳ ದೂಳನ್ನು ಗಾಳಿಗಾಲದಲ್ಲಿ ಮನೆಯಿಂದ ಗುಡಿಸುವವಳೂ ಅವಳೇ.

ಕರ್ನಾಟಕದ ಇತರ ಗಣಿ ಪ್ರದೇಶಗಳಲ್ಲಿ ಹೆಂಗಸರ ಬಾಳು ಬೇರೆ ಬಗೆಯಲ್ಲಿ ತಿರುಗಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ನಾಡಿನಲ್ಲಿ ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿಯನ್ನು ಜೀವನೋಪಾಯವಾಗಿಸಿತು. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಈ ಹೊಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಭೆಯ ವೇಳೆ ಇವರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ. ಗಣಿಗಳ ಭೂಗರ್ಭದಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹೆಂಗಸರನ್ನು ನೇಮಿಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು 2019ರಲ್ಲಿ. ಆ ಹೊತ್ತಿಗೆ ಕೋಲಾರದ ಗಣಿ ಮುಚ್ಚಿ 18 ವರ್ಷವಾಗಿತ್ತು.

ಹೊರನಾಡುಗಳಲ್ಲಿ ಗಣಿ ಕುಟುಂಬದ ಹೆಂಗಸರ ಮಾತು ಹೆಚ್ಚು ದಾಖಲಾಗಿದೆ. ಬೊಲಿವಿಯಾದ ಸಿಗ್ಲೊ ವೆಯಿಂಟೆ ತವರದ ಗಣಿಯ ಡೊಮಿಟಿಲಾ ಬಾರಿಯೊಸ್ ಡೆ ಚುಂಗಾರಾ (1937–2012) ಗಣಿಗಾರನ ಹೆಂಡತಿ, ಅಲ್ಲಿನ ಗೃಹಿಣಿಯರ ಸಮಿತಿಯ ಮುಖಂಡೆ. 1975ರಲ್ಲಿ ಮೆಕ್ಸಿಕೋದಲ್ಲಿ ಅಂತರರಾಷ್ಟ್ರೀಯ ಮಹಿಳಾ ವರ್ಷದ ವೇದಿಕೆಯಲ್ಲಿ ಆಕೆ ಆಡಿದ ಮಾತು ಜಗತ್ತಿನ ಗಮನ ಸೆಳೆಯಿತು. ಆಕೆ ಹೇಳಿ ಬರೆಸಿದ ಆತ್ಮಕಥೆ ಹಲವು ಭಾಷೆಗಳಿಗೆ ಹೋಗಿದೆ. ಬ್ರಿಟನ್ನಿನಲ್ಲಿ 1984–85ರ ಕಲ್ಲಿದ್ದಲು ಮುಷ್ಕರದ ಕಾಲದಲ್ಲಿ ಸಾರ್ವಜನಿಕ ಅಡುಗೆಮನೆಗಳನ್ನು ನಡೆಸಿದ ಹೆಂಗಸರ ಬಗ್ಗೆಯೂ ಸಾಕಷ್ಟು ಬರವಣಿಗೆ ಇದೆ.

ಕೆಜಿಎಫ್‌ನ ಹೆಸರು ಇಂದು ದೇಶಕ್ಕೆಲ್ಲ ಪರಿಚಯವಾಗಿರುವುದು ಪ್ರಶಾಂತ್ ನೀಲ್ ನಿರ್ದೇಶನದ 2018 ಮತ್ತು 2022ರ ಚಲನಚಿತ್ರಗಳಿಂದ. ಅವುಗಳಲ್ಲಿ ತಾಯಿಯ ನೆನಪಿಗೆ ದೊಡ್ಡ ಸ್ಥಾನವಿದೆ, ಆದರೆ ಕಥೆ ಪೂರ್ತಿ ಕಲ್ಪಿತ. ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ಮಣ್ಣಿನಲ್ಲಿ ಉಳಿದ ಚಿನ್ನಕ್ಕೆ ಲೆಕ್ಕ ಸಿದ್ಧವಿದೆ, ಲೈನುಗಳಲ್ಲಿ ಉಳಿದ ನೆನಪಿಗೆ ಇಲ್ಲ. 1956ರ ರಾಷ್ಟ್ರೀಕರಣಕ್ಕೆ ಮೊದಲೇ ಈ ಮನೆಗಳಿಗೆ ಸೊಸೆಯಾಗಿ ಬಂದವರ ವಯಸ್ಸು ಈಗ ತೊಂಬತ್ತರ ಹತ್ತಿರ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅವರ ಮಾತುಗಳನ್ನು ಧ್ವನಿಮುದ್ರಿಸಿ ಕಾಪಿಡುವ ಕೆಲಸವನ್ನು ರಾಜ್ಯದ ವಿಶ್ವವಿದ್ಯಾಲಯಗಳೂ ಪತ್ರಾಗಾರವೂ ಈಗಲೇ ಕೈಗೆತ್ತಿಕೊಳ್ಳಬೇಕು.