ಸಸ್ಯವಾಸಿ ಬ್ಯಾಕ್ಟೀರಿಯಾ ತಯಾರಿಸುವ ಬೆಳ್ಳಿಯ ನ್ಯಾನೊ ಕಣ: ಔಷಧವಾದೀತೇ?

ಸುಟ್ಟ ಗಾಯಗಳಿಗೆ ಆಸ್ಪತ್ರೆಗಳಲ್ಲಿ ಹಚ್ಚುವ ಬಿಳಿ ಮುಲಾಮಿನಲ್ಲಿ ಬೆಳ್ಳಿಯಿದೆ ಎಂಬುದು ಎಲ್ಲರಿಗೂ ತಿಳಿದಿರಲಾರದು. ಸಿಲ್ವರ್ ಸಲ್ಫಾಡಯಾಜೀನ್ ಎಂಬ ಈ ಔಷಧ 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂತು. ಅದಕ್ಕೂ ಬಹಳ ಮೊದಲು, 1880ರ ದಶಕದಲ್ಲಿ, ಜರ್ಮನಿಯ ವೈದ್ಯ ಕಾರ್ಲ್ ಕ್ರೇಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಸೋಂಕಿನಿಂದ ಬರುವ ಕುರುಡುತನವನ್ನು ತಡೆದಿದ್ದರು. ಪೆನಿಸಿಲಿನ್ ಬಂದ ಮೇಲೆ ಬೆಳ್ಳಿ ಹಿಂದೆ ಸರಿಯಿತು. ಆದರೆ ಈಗ ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳ ಕಾಲ. 2019ರಲ್ಲಿ ಇಂಥ ಸೋಂಕುಗಳ ನೇರ ಪರಿಣಾಮವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಬೆಳ್ಳಿ ಮತ್ತೆ ಪ್ರಯೋಗಾಲಯಗಳಿಗೆ ಮರಳಿರುವುದು ಈ ಕಾರಣದಿಂದಲೇ.

ಈ ಬಾರಿ ಅದು ಬಂದಿರುವುದು ನ್ಯಾನೊ ಕಣದ ರೂಪದಲ್ಲಿ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳಲ್ಲಿ ತೂಕಕ್ಕೆ ಹೋಲಿಸಿದರೆ ಮೇಲ್ಮೈ ವಿಸ್ತಾರ ಬಹು ಹೆಚ್ಚು. ಆದ್ದರಿಂದ ಅವು ಬೆಳ್ಳಿಯ ಅಯಾನುಗಳನ್ನು ಸುಲಭವಾಗಿ ಹೊರಬಿಡುತ್ತವೆ. ಆದರೆ ರಾಸಾಯನಿಕ ವಿಧಾನದಲ್ಲಿ ಇವುಗಳನ್ನು ತಯಾರಿಸಲು ವಿಷಕಾರಿ ವಸ್ತುಗಳು ಬೇಕಾಗುವುದುಂಟು.

ಇಲ್ಲಿಯೇ ಸಸ್ಯವಾಸಿ ಬ್ಯಾಕ್ಟೀರಿಯಾಗಳ ಪ್ರವೇಶ. ಎಂಡೊಫೈಟ್ ಎಂದು ಕರೆಯಲಾಗುವ ಇವು ಎಲೆ, ಕಾಂಡ, ಬೇರುಗಳ ಒಳಗೆ ಗಿಡಕ್ಕೆ ತೊಂದರೆ ಕೊಡದೆ ಬದುಕುತ್ತವೆ. ಇವನ್ನು ಹೊರತೆಗೆಯುವ ಕ್ರಮ ಸ್ವಾರಸ್ಯಕರ. ಮೊದಲು ಎಲೆಯನ್ನು ಮದ್ಯಸಾರ ಮತ್ತು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ತೊಳೆದು ಹೊರಮೈಯ ಸೂಕ್ಷ್ಮಾಣುಗಳನ್ನೆಲ್ಲ ಕೊಲ್ಲುತ್ತಾರೆ. ಕಡೆಯ ಸಲ ತೊಳೆದ ನೀರಿನಲ್ಲಿ ಏನೂ ಬೆಳೆಯದಿದ್ದರೆ ಮಾತ್ರ, ಎಲೆಯ ತುಂಡಿನಿಂದ ಹುಟ್ಟಿಬಂದದ್ದು ಒಳಗಿನದೇ ಎಂದು ಒಪ್ಪುತ್ತಾರೆ.

ಹೀಗೆ ದೊರೆತ ಬ್ಯಾಕ್ಟೀರಿಯಾವನ್ನು ಪೋಷಕ ದ್ರವದಲ್ಲಿ ಬೆಳೆಸಿ, ಜೀವಕೋಶಗಳನ್ನು ಬೇರ್ಪಡಿಸಿ, ಉಳಿದ ತಿಳಿಗೆ ಸಿಲ್ವರ್ ನೈಟ್ರೇಟ್ ಬೆರೆಸಲಾಗುತ್ತದೆ. ಅದರಲ್ಲಿರುವ ಕಿಣ್ವಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ನೀಡಿ ಲೋಹದ ಕಣಗಳನ್ನಾಗಿಸುತ್ತವೆ. ತಿಳಿ ಹಳದಿ ದ್ರವ ಕಂದು ಬಣ್ಣಕ್ಕೆ ತಿರುಗಿದರೆ ಕಣಗಳು ಮೂಡಿದವೆಂದೇ ಅರ್ಥ. ಬ್ಯಾಕ್ಟೀರಿಯಾದ ಪ್ರೋಟೀನುಗಳು ಕಣಗಳಿಗೆ ಹೊದಿಕೆಯಾಗಿ, ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುತ್ತವೆ.

ಈ ಸಂಶೋಧನೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಿ ವಿಜ್ಞಾನಿಗಳು ಸೀತಾಫಲದ ಗಿಡದಲ್ಲಿ ವಾಸಿಸುವ ಸ್ಯೂಡೊಮೊನಾಸ್ ವೆರೊನಿಯೈ ಹಾಗೂ ಅರೇಬಿಕಾ ಕಾಫಿ ಗಿಡದಲ್ಲಿರುವ ಸ್ಯೂಡೊಮೊನಾಸ್ ಫ್ಲೂರೊಸೆನ್ಸ್ ಬಳಸಿ ಬೆಳ್ಳಿ ಕಣ ತಯಾರಿಸಿ, ರೋಗಾಣುಗಳ ಮೇಲೆ ಪರೀಕ್ಷಿಸಿ 2015–16ರಲ್ಲಿ ಪ್ರಕಟಿಸಿದರು. ಅದಕ್ಕೂ ಮುನ್ನ, 2012ರಲ್ಲಿ, ನಮ್ಮ ಮುರುಗಲು ಮತ್ತು ಉಪ್ಪಾಗೆಯ ಕುಲಕ್ಕೇ ಸೇರಿದ ಗಾರ್ಸೀನಿಯ ಕ್ಸಾಂತೋಕೈಮಸ್ ಮರದ ಬ್ಯಾಸಿಲಸ್ ಸೀರಿಯಸ್‌ನಿಂದ ಚೆನ್ನೈನ ಸಂಶೋಧಕರು 20ರಿಂದ 40 ನ್ಯಾನೊಮೀಟರ್ ಗಾತ್ರದ ಕಣಗಳನ್ನು ಪಡೆದಿದ್ದರು.

ಬೆಳ್ಳಿ ರೋಗಾಣುವಿನ ಮೇಲೆ ಏಕಕಾಲಕ್ಕೆ ಹಲವು ಕಡೆಯಿಂದ ದಾಳಿ ಮಾಡುತ್ತದೆ: ಕೋಶಪೊರೆಯನ್ನು ಹರಿಯುತ್ತದೆ, ಕಿಣ್ವಗಳ ಗಂಧಕದ ಗುಂಪುಗಳಿಗೆ ಅಂಟಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ, ಡಿಎನ್ಎಗೂ ಹಾನಿ ಮಾಡುತ್ತದೆ. ಹೀಗಾಗಿ ಪ್ರತಿರೋಧ ಬೆಳೆಯುವುದು ಕಷ್ಟ ಎಂಬ ಮಾತಿದೆ. ಕಷ್ಟವಿರಬಹುದು, ಅಸಾಧ್ಯವಲ್ಲ. ಅಮೆರಿಕದ ಬಾಸ್ಟನ್‌ನ ಸುಟ್ಟಗಾಯ ವಿಭಾಗವೊಂದರಲ್ಲಿ ಸಿಲ್ವರ್ ನೈಟ್ರೇಟಿಗೂ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡದ್ದು 1975ರಲ್ಲೇ ವರದಿಯಾಗಿದೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತ ಮಾತ್ರಕ್ಕೆ ರೋಗಿ ಗುಣವಾಗುತ್ತಾನೆಂದಲ್ಲ. ನ್ಯಾನೊ ಬೆಳ್ಳಿ ಲೇಪಿಸಿದ ಗಾಯದ ಪಟ್ಟಿಗಳು 1990ರ ದಶಕದ ಕೊನೆಯಿಂದಲೇ ಮಾರುಕಟ್ಟೆಯಲ್ಲಿವೆ. ಆದರೆ ಸಸ್ಯವಾಸಿ ಬ್ಯಾಕ್ಟೀರಿಯಾದ ಕಣಗಳು ಇನ್ನೂ ಸಂಶೋಧನೆಯ ಹಂತದಲ್ಲಿಯೇ ಇವೆ. ಪ್ರತಿ ಸಲವೂ ಒಂದೇ ಗಾತ್ರದ ಕಣ ಪಡೆಯುವುದು, ಪಿತ್ತಜನಕಾಂಗದಲ್ಲಿ ಬೆಳ್ಳಿ ಶೇಖರವಾಗುವುದನ್ನು ಅಳೆಯುವುದು, ಸುರಕ್ಷಿತ ಪ್ರಮಾಣ ಗೊತ್ತುಪಡಿಸುವುದು, ಇವೆಲ್ಲ ಬಾಕಿ ಇವೆ.

ಹೀಗಿದ್ದೂ ಬೆಳ್ಳಿ ಕಣಗಳ ನೀರನ್ನು ಸರ್ವರೋಗ ನಿವಾರಕವೆಂದು ಮಾರುವವರಿದ್ದಾರೆ. ಅದನ್ನು ದೀರ್ಘಕಾಲ ಕುಡಿದರೆ ಚರ್ಮ ನೀಲಿಮಿಶ್ರಿತ ಬೂದು ಬಣ್ಣಕ್ಕೆ ತಿರುಗುವ ಆರ್ಜೀರಿಯ ಉಂಟಾಗಬಹುದು. ಬಣ್ಣ ಸಾಮಾನ್ಯವಾಗಿ ಶಾಶ್ವತ. ವೈದ್ಯರ ಚೀಟಿಯಿಲ್ಲದೆ ಮಾರುವ ಇಂಥ ಉತ್ಪನ್ನಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲೇ ತೀರ್ಮಾನಿಸಿದೆ.